ಒಂದು ಪೆನ್ನಿಯ ರಕ್ತಪಿಶಾಚಿ

ಕೇಳುಗರಿಗೆ ನಮಸ್ಕಾರ.

ರಕ್ತಪಿಶಾಚಿ ಎಂದೊಡನೆ ಎಲ್ಲರ ಬಾಯಿಗೂ ಬರುವ ಹೆಸರು ಡ್ರಾಕುಲಾ. ಬ್ರಾಮ್ ಸ್ಟೋಕರ್ ಬರೆದ ಆ ಕಾದಂಬರಿ ಪ್ರಕಟವಾದದ್ದು 1897ರಲ್ಲಿ. ಅದಕ್ಕೆ ಐವತ್ತು ವರ್ಷ ಮೊದಲೇ ಲಂಡನ್ನಿನ ಕೂಲಿಕಾರರು, ಮನೆಗೆಲಸದವರು, ಅಂಗಡಿ ಹುಡುಗರು ಇನ್ನೊಬ್ಬ ರಕ್ತಪಿಶಾಚಿಯ ಕಥೆಯನ್ನು ವಾರವಾರ ಓದಿ ಮುಗಿಸಿದ್ದರು. ಅವನ ಹೆಸರು ಸರ್ ಫ್ರಾನ್ಸಿಸ್ ವಾರ್ನಿ. ನಾನು ಇಂದು ಹೇಳುವುದು ಒಂದೇ ಮಾತು: ನಮಗೆ ಗೊತ್ತಿರುವ ರಕ್ತಪಿಶಾಚಿಯನ್ನು ತಿದ್ದಿ ತೀಡಿದ್ದು ಧಾರಾವಾಹಿ, ಅಂದರೆ ಕಂತು ಕಂತಾಗಿ ಅಚ್ಚಾದ ಕಥೆ.

'ವಾರ್ನಿ ದ ವ್ಯಾಂಪೈರ್' 1845ರಿಂದ 1847ರವರೆಗೆ ಕಂತುಗಳಲ್ಲಿ ಬಂತು. ಪ್ರಕಾಶಕ ಎಡ್ವರ್ಡ್ ಲಾಯ್ಡ್, ಬರೆದವನು ಜೇಮ್ಸ್ ಮಾಲ್ಕಮ್ ರೈಮರ್. ಕಂತಿನ ಬೆಲೆ ಒಂದು ಪೆನ್ನಿ. ಆ ಕಾಲದ ಹೆಸರಾಂತ ಇಂಗ್ಲಿಷ್ ಲೇಖಕ ಡಿಕನ್ಸನ ಕಾದಂಬರಿಯ ಮಾಸಿಕ ಕಂತಿಗೆ ಆಗ ಒಂದು ಷಿಲಿಂಗ್, ಅಂದರೆ ಹನ್ನೆರಡು ಪೆನ್ನಿ. ಬಡವನ ಕೈಗೆ ಎಟುಕಿದ್ದು ಯಾವುದೆಂದು ಬೇರೆ ಹೇಳಬೇಕಾಗಿಲ್ಲ.

ಮೊದಲ ಅಧ್ಯಾಯವನ್ನು ಹೇಳದೆ ನಾನು ಮುಂದೆ ಹೋಗಲಾರೆ. ನಡುರಾತ್ರಿ, ಆಲಿಕಲ್ಲು ಮಳೆ. ಹಳೆಯ ಮನೆಯ ಕೋಣೆಯಲ್ಲಿ ಫ್ಲೋರಾ ಎಂಬ ತರುಣಿ ಎಚ್ಚರಗೊಳ್ಳುತ್ತಾಳೆ. ಕಿಟಕಿಯ ಹೊರಗೆ ಎತ್ತರದ ಆಕೃತಿಯೊಂದು ನಿಂತಿದೆ. ಗಾಜಿನ ಮೇಲೆ ಟಕಟಕ ಸದ್ದು. ಆಲಿಕಲ್ಲೇ? ಮಳೆ ನಿಂತಿದೆ, ಸದ್ದು ನಿಂತಿಲ್ಲ. ಅದು ಉಗುರು! ಒಂದು ಗಾಜು ಒಡೆಯುತ್ತದೆ, ಎಲುಬು ಎದ್ದು ಕಾಣುವ ಉದ್ದನೆಯ ಕೈ ಒಳಗೆ ಬಂದು ಚಿಲಕ ತೆಗೆಯುತ್ತದೆ. ಅವನ ದೃಷ್ಟಿಗೆ ಸಿಕ್ಕ ಫ್ಲೋರಾ ಕದಲಲಾರಳು. ಮೃಗದಂತೆ ಹೊರಚಾಚಿದ ಬಿಳಿಯ ಕೋರೆಹಲ್ಲು ಕತ್ತಿಗೆ ಇಳಿಯುತ್ತದೆ. ಆಮೇಲೆ ಮನೆಯವರು ಅವಳ ಕತ್ತಿನಲ್ಲಿ ಸಣ್ಣ ಗಾಯದ ಗುರುತುಗಳನ್ನು ಕಾಣುತ್ತಾರೆ. ಕಿಟಕಿ, ಸಮ್ಮೋಹಕ ನೋಟ, ಕೋರೆಹಲ್ಲು, ಕತ್ತಿನ ಗುರುತು: ಸಿನಿಮಾದವರು ಇಂದಿಗೂ ಇದನ್ನೇ ತೋರಿಸುತ್ತಿದ್ದಾರೆ.

ಇದನ್ನು ಕಸವೆಂದು ತಳ್ಳಿಹಾಕುವವರಿದ್ದಾರೆ. ಅವರು ಓದಿದ್ದಾರೆಯೇ ಎಂಬುದೇ ನನ್ನ ಅನುಮಾನ. ಹೌದು, ಕಥೆ ಎಳೆದಾಡುತ್ತದೆ, ಪಾತ್ರಗಳು ಸುಳಿವಿಲ್ಲದೆ ಮಾಯವಾಗುತ್ತವೆ. ಆದರೆ ಆ ಎಳೆದಾಟದಿಂದಲೇ ಹೊಸದೊಂದು ಹುಟ್ಟಿತು. ಮಾರಾಟ ನಡೆಯುವವರೆಗೆ ವಾರ್ನಿ ಸಾಯುವಂತಿಲ್ಲ. ಗುಂಡೇಟಿಗೆ ಬಿದ್ದರೂ ಬೆಳದಿಂಗಳು ಮೈಮೇಲೆ ಬಿದ್ದರೆ ಎದ್ದು ಕೂರುತ್ತಾನೆ. ಸಮುದ್ರದ ಪಾಲಾದರೂ ಅಷ್ಟೇ. ಹೀಗೆ ಸತ್ತು ಸತ್ತು ಎದ್ದವನಿಗೆ ಬದುಕೇ ಬೇಸರವಾಗುತ್ತದೆ. ತನ್ನ ಹಸಿವಿನ ಬಗ್ಗೆ ತಾನೇ ಹೇಸುವ, ನಾವು ಮರುಗಬೇಕಾದ ರಕ್ತಪಿಶಾಚಿ ಬಂದದ್ದು ಹೀಗೆ. ಕೊನೆಗೆ ಅವನು ಇಟಲಿಗೆ ಹೋಗಿ, ದಾರಿತೋರುಗನ ಕೈಗೆ ಹಣವಿತ್ತು, ತನ್ನ ಕಥೆಯನ್ನು ಲೋಕಕ್ಕೆ ಹೇಳೆಂದು, ವೆಸುವಿಯಸ್ ಜ್ವಾಲಾಮುಖಿಗೆ ಹಾರುತ್ತಾನೆ. ಬೆಳದಿಂಗಳು ಎಬ್ಬಿಸಲು ಅಲ್ಲಿ ದೇಹವೇ ಉಳಿಯುವುದಿಲ್ಲ! ಒಂದೇ ಸಂಪುಟದ ಕಥೆಯಾಗಿದ್ದರೆ ಅವನಿಗೆ ಈ ದಣಿವು ಬರುತ್ತಿತ್ತೇ? ಧಾರಾವಾಹಿ ಕೊಟ್ಟದ್ದು ಅದನ್ನೇ.

ಸಮಯ ಕಡಿಮೆಯಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಐರ್ಲೆಂಡಿನ ಶೆರಿಡನ್ ಲೆ ಫಾನು ಬರೆದ 'ಕಾರ್ಮಿಲಾ' ಕೂಡ 'ದ ಡಾರ್ಕ್ ಬ್ಲೂ' ಪತ್ರಿಕೆಯಲ್ಲಿ 1871-72ರಲ್ಲಿ ಕಂತುಗಳಲ್ಲೇ ಬಂದದ್ದು. ಅಲ್ಲಿ ರಕ್ತಪಿಶಾಚಿ ಒಬ್ಬ ಹುಡುಗಿ. ಬೇಟೆಯೊಂದಿಗೆ ಅವಳಿಗೆ ಪ್ರೀತಿ. ಕಥೆ ನಡೆಯುವುದು ಆಸ್ಟ್ರಿಯಾದ ಸ್ಟೈರಿಯಾದಲ್ಲಿ. ಸ್ಟೋಕರ್ ತನ್ನ ಮೊದಲ ಟಿಪ್ಪಣಿಗಳಲ್ಲಿ ಡ್ರಾಕುಲಾನ ಊರಾಗಿ ಗುರುತಿಸಿಕೊಂಡದ್ದೂ ಸ್ಟೈರಿಯಾವನ್ನೇ. ಟ್ರಾನ್ಸಿಲ್ವೇನಿಯಾ ಬಂದದ್ದು ಆಮೇಲೆ.

ಇವೆಲ್ಲವೂ ಹಕ್ಕುಸ್ವಾಮ್ಯ ಮುಗಿದು ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತವೆ. 'ಕಾರ್ಮಿಲಾ'ವನ್ನು ಒಂದು ಸಂಜೆಯಲ್ಲಿ ಓದಬಹುದು. 'ವಾರ್ನಿ'ಯ ಇನ್ನೂರಕ್ಕೂ ಹೆಚ್ಚು ಅಧ್ಯಾಯಗಳನ್ನು ಓದಿ ಎಂದು ಒತ್ತಾಯಿಸುವುದಿಲ್ಲ. ಮೊದಲ ಅಧ್ಯಾಯವನ್ನಂತೂ ಖಂಡಿತ ಓದಿ, ಅದನ್ನೂ ಗಟ್ಟಿಯಾಗಿ, ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿ. ನಮಸ್ಕಾರ.