ಝಯಾನ್ ದಾರಿಯಲ್ಲಿ ಕಳೆದುಹೋದ ಒಂದು ಗಂಟೆ

ನಮಸ್ಕಾರ. ತೆರೆಯ ಮೇಲೆ ನೀವು ನೋಡುತ್ತಿರುವುದು ಲಾಸ್ ವೇಗಸ್‌ನಿಂದ ಈಶಾನ್ಯಕ್ಕೆ ಸಾಗುವ 15ನೆಯ ಅಂತರರಾಜ್ಯ ಹೆದ್ದಾರಿ. ಹಿಂದಿನ ಸೀಟಿನಲ್ಲಿ ನಿದ್ರಿಸುತ್ತಿರುವವರು ನಮ್ಮ ಅತ್ತೆ ಮತ್ತು ಮಗಳು. ನಿದ್ರಿಸದೆ, ದಾರಿಯ ಪ್ರತಿಯೊಂದು ಫಲಕವನ್ನೂ ಗಟ್ಟಿಯಾಗಿ ಓದುತ್ತಿರುವವರು ಮಾವನವರು. ಜೂನ್ ತಿಂಗಳ ಎರಡು ದಿನಗಳಲ್ಲಿ ಯೂಟಾ ರಾಜ್ಯದ ಝಯಾನ್ ಮತ್ತು ಬ್ರೈಸ್ ಕ್ಯಾನಿಯನ್ ರಾಷ್ಟ್ರೀಯ ಉದ್ಯಾನಗಳನ್ನು ನೋಡಿಬರುವುದು ನಮ್ಮ ಯೋಜನೆಯಾಗಿತ್ತು.

ನೆವಾಡಾದ ಗಡಿ ದಾಟಿದ ಕೂಡಲೇ ಯೂಟಾ ಬರುವುದಿಲ್ಲ. ಹೆದ್ದಾರಿಯು ಅರಿಝೋನಾದ ವಾಯವ್ಯ ಮೂಲೆಯನ್ನು ಸುಮಾರು 30 ಮೈಲಿಗಳಷ್ಟು ಹಾದುಹೋಗುತ್ತದೆ, ಮತ್ತು ಈ ಪ್ರಯಾಣದ ಮೊದಲ ಕಮರಿ ಇರುವುದು ಅಲ್ಲಿಯೇ. ಇದು ವರ್ಜಿನ್ ನದಿಯ ಕಮರಿ. 1973ರಲ್ಲಿ ಸಂಚಾರಕ್ಕೆ ತೆರೆದ ಈ ರಸ್ತೆ ಅದೇ ನದಿಯನ್ನು ಮತ್ತೆ ಮತ್ತೆ ದಾಟುತ್ತಾ, ಎರಡು ಗೋಡೆಗಳ ನಡುವೆ ಜಾಗ ಸಿಕ್ಕ ಕಡೆಯೆಲ್ಲ ನುಸುಳುತ್ತಾ ಮೇಲೇರುತ್ತದೆ. ನನಗೆ ಬಹಳ ಇಷ್ಟವಾಯಿತು. ಚಾಲನೆ ಮಾಡುತ್ತಿದ್ದ ನಮ್ಮವರಿಗೆ ಮುಂದಿನ ಲಾರಿಯ ಹಿಂಬದಿಯನ್ನು ಬಿಟ್ಟು ಬೇರೇನೂ ಕಾಣಲಿಲ್ಲ.

ಈಗ ಆ ಗಂಟೆಯ ವಿಷಯಕ್ಕೆ ಬರುತ್ತೇನೆ. ಉದ್ಯಾನದ ಸಂದರ್ಶಕರ ಕೇಂದ್ರದ ಪಾರ್ಕಿಂಗ್ ಬೇಸಿಗೆಯಲ್ಲಿ ಬೆಳಗ್ಗೆ ಬೇಗನೆ ತುಂಬಿಹೋಗುತ್ತದೆಂದು ಓದಿದ್ದರಿಂದ, ಎಂಟು ಗಂಟೆಯೊಳಗೆ ಅಲ್ಲಿರಬೇಕೆಂದು ನಾವು ಐದಕ್ಕೇ ಹೊರಟಿದ್ದೆವು. ನಕ್ಷೆಯ ಆ್ಯಪ್ ತಲುಪುವ ಸಮಯವನ್ನು 8:45 ಎಂದು ತೋರಿಸುತ್ತಿತ್ತು. ಮುಂದೆಲ್ಲೋ ರಸ್ತೆ ಕಾಮಗಾರಿ ಇರಬೇಕು ಎಂದುಕೊಂಡ ನಾವು, ದಾರಿ ಖಾಲಿಯಿರುವುದನ್ನು ಕಂಡು, ಆ್ಯಪ್‌ಗಿಂತ ಒಂದು ಗಂಟೆ ಮೊದಲೇ ತಲುಪುತ್ತೇವೆಂದು ಹೆಮ್ಮೆಪಡುತ್ತಿದ್ದೆವು. ಕಾರಿನ ಗಡಿಯಾರ 7:45 ತೋರಿಸುವಾಗ ಸರಿಯಾಗಿ ಕೇಂದ್ರದ ಮುಂದಿದ್ದೆವು, ಮತ್ತು ಪಾರ್ಕಿಂಗ್ ತುಂಬಿದೆ ಎಂಬ ಫಲಕವೂ ನಮ್ಮ ಮುಂದಿತ್ತು.

ನೆವಾಡಾದಲ್ಲಿ ಪೆಸಿಫಿಕ್ ಸಮಯ, ಯೂಟಾದಲ್ಲಿ ಮೌಂಟನ್ ಸಮಯ. ಯೂಟಾ ಒಂದು ಗಂಟೆ ಮುಂದಿದೆ. ನಡುವಿನ ಅರಿಝೋನಾ ಬೇಸಿಗೆಯಲ್ಲಿ ಗಡಿಯಾರವನ್ನು ಮುಂದಕ್ಕೆ ತಿರುಗಿಸದ ರಾಜ್ಯವಾದ್ದರಿಂದ, ಅದು ಚಳಿಗಾಲದಲ್ಲಿ ಯೂಟಾದ ಜೊತೆಗೂ ಬೇಸಿಗೆಯಲ್ಲಿ ನೆವಾಡಾದ ಜೊತೆಗೂ ಇರುತ್ತದೆ. ಅದೇ ರಾಜ್ಯದೊಳಗಿನ ನವಾಹೊ ಜನರ ಪ್ರದೇಶ ಮಾತ್ರ ಬೇಸಿಗೆಯಲ್ಲಿ ಗಡಿಯಾರ ತಿರುಗಿಸುತ್ತದೆ. ಇದೆಲ್ಲವನ್ನೂ ನಾನು ಅಂದು ರಾತ್ರಿ ಓದಿ ತಿಳಿದುಕೊಂಡೆ. ಬಾಡಿಗೆ ಕಾರಿನ ಗಡಿಯಾರಕ್ಕೆ ಇದಾವುದೂ ಗೊತ್ತಿರಲಿಲ್ಲ, ಆ್ಯಪ್‌ಗೆ ಎಲ್ಲವೂ ಗೊತ್ತಿತ್ತು, ಆದರೆ ನಾವು ನಂಬಿದ್ದು ಗಡಿಯಾರವನ್ನು. ಊರಿನಿಂದ ಬಂದ ದಿನದಿಂದಲೂ ತಮ್ಮ ಕೈಗಡಿಯಾರವನ್ನು ಭಾರತದ ಸಮಯದಲ್ಲಿಯೇ ಇಟ್ಟುಕೊಂಡಿರುವ ಮಾವನವರು, "ನನ್ನದರಲ್ಲಿ ರಾತ್ರಿ ಎಂಟೂ ಕಾಲು, ಹನ್ನೆರಡೂವರೆ ಗಂಟೆ ಕಳೆದು ನೋಡಮ್ಮ" ಎಂದರು. ಯೂಟಾದಲ್ಲಿ ಕಳೆಯಬೇಕಾದದ್ದು ಹನ್ನೊಂದೂವರೆ ಎಂದು ಅವರಿಗೆ ಹೇಳುವ ಚೈತನ್ಯ ಆಗ ನನ್ನಲ್ಲಿರಲಿಲ್ಲ.

ಹಿಂದಿರುಗಿ, ದ್ವಾರದ ಹೊರಗಿನ ಸ್ಪ್ರಿಂಗ್‌ಡೇಲ್ ಎಂಬ ಪುಟ್ಟ ಪಟ್ಟಣದಲ್ಲಿ 20 ಡಾಲರ್ ತೆತ್ತು ಕಾರು ನಿಲ್ಲಿಸಿದೆವು. ಇಡೀ ಕಾರಿಗೆ, ಏಳು ದಿನಗಳವರೆಗೆ, ಉದ್ಯಾನದ ಪ್ರವೇಶ ಶುಲ್ಕ ನಾವು ಹೋದಾಗ 35 ಡಾಲರ್ ಇತ್ತು. ಐದು ಜನರಿಗೆ ಒಂದು ವಾರ ಬೆಟ್ಟಗಳನ್ನು ತೋರಿಸಲು 35, ಒಂದು ಕಾರು ಒಂದು ದಿನ ಸುಮ್ಮನೆ ನಿಂತಿರಲು 20! ಈ ಲೆಕ್ಕವನ್ನು ನಾನು ಷಟಲ್ ಬಸ್ಸು ಬರುವವರೆಗೂ ಮನೆಯವರಿಗೆ ಒಪ್ಪಿಸುತ್ತಿದ್ದೆ. ಆ ಭಾಗವನ್ನು ಮಗಳು ಸಂಕಲನದಲ್ಲಿ ತೆಗೆದುಹಾಕಿದ್ದಾಳೆ.

ವರ್ಷದ ಬಹುಭಾಗ ಕಣಿವೆಯೊಳಗಿನ ರಸ್ತೆಗೆ ಖಾಸಗಿ ಕಾರುಗಳನ್ನು ಬಿಡುವುದಿಲ್ಲ. 2000ರಿಂದ ಉಚಿತ ಬಸ್ಸುಗಳು ಓಡುತ್ತಿವೆ. ಈ ನಿಯಮವನ್ನು ಮೊದಲು ಬೈದವಳು ನಾನೇ. ಮೂರನೆಯ ನಿಲ್ದಾಣದ ಹೊತ್ತಿಗೆ, ನಮ್ಮವರೂ ಕಿಟಕಿಗೆ ಮುಖವಿಟ್ಟು ಮೇಲೆ ನೋಡುತ್ತಿರುವುದನ್ನು ಕಂಡು, ಇಂಥ ನಿಯಮ ಎಲ್ಲ ಕಣಿವೆಗಳಲ್ಲೂ ಇರಬೇಕು ಎನಿಸಿತು. ಎರಡೂ ಬದಿಗಳಲ್ಲಿ 2,000 ಅಡಿಗಳವರೆಗೆ ಏರಿರುವ ಈ ಕೆಂಪು ಗೋಡೆಗಳು ಮರಳುಗಲ್ಲಿನವು. ಸುಮಾರು 18 ಕೋಟಿ ವರ್ಷಗಳ ಹಿಂದೆ ಇವು ಮರುಭೂಮಿಯ ಮರಳುದಿಬ್ಬಗಳಾಗಿದ್ದವು. ಅದನ್ನು ಹೀಗೆ ಕೊರೆದದ್ದು ಬೆಳಗಿನ ಅದೇ ವರ್ಜಿನ್ ನದಿ. ಕೊನೆಯ ನಿಲ್ದಾಣದಿಂದ ಅತ್ತೆಯವರು ಒಂದು ಮೈಲಿಯ ನದೀತೀರದ ಕಾಲುದಾರಿಯನ್ನು ಪೂರ್ತಿಯಾಗಿ ನಡೆದು, ಮೊಣಕಾಲುದ್ದದ ನೀರನ್ನು ನೋಡಿ, "ಇಷ್ಟು ನೀರಿಗೆ ಇಷ್ಟೊಂದು ಕೆಲಸವೇ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆದರೆ ಈ ನದಿ ಪ್ರತಿ ಮೈಲಿಗೆ 50ರಿಂದ 80 ಅಡಿ ಇಳಿಯುತ್ತದೆ, ಮತ್ತು ಎಲ್ಲೋ ದೂರದಲ್ಲಿ ಮಳೆ ಸುರಿದರೂ ಇಲ್ಲಿ ದಿಢೀರ್ ಪ್ರವಾಹ ಬಂದು ಬಂಡೆಗಳನ್ನೇ ಉರುಳಿಸಿಕೊಂಡು ಹೋಗುತ್ತದೆ.

ಈಗ ತೆರೆ ಕಪ್ಪಾಗಿದೆ. ನಿಮ್ಮ ಮೊಬೈಲ್ ಕೆಟ್ಟಿಲ್ಲ, ನಾವು ಬ್ರೈಸ್ ಕಡೆಗೆ ಹೋಗುವ ರಸ್ತೆಯ ಸುರಂಗದಲ್ಲಿದ್ದೇವೆ. 1927ರಲ್ಲಿ ಆರಂಭಿಸಿ 1930ರಲ್ಲಿ ಮುಗಿಸಿದ ಇದರ ಉದ್ದ 1.1 ಮೈಲಿ, ಒಳಗೆ ದೀಪಗಳಿಲ್ಲ. ನಾವು ಹೋದಾಗ, 11 ಅಡಿ 4 ಅಂಗುಲಕ್ಕಿಂತ ಎತ್ತರದ ವಾಹನ ಬಂದರೆ ಅದು ರಸ್ತೆಯ ನಡುವೆಯೇ ಹೋಗಬೇಕಾಗುತ್ತಿದ್ದುದರಿಂದ ಎದುರಿನ ಸಂಚಾರವನ್ನೆಲ್ಲ ತಡೆಯುತ್ತಿದ್ದರು. ಮನೆಯಷ್ಟು ದೊಡ್ಡ ಒಂದು ಗಾಡಿಗಾಗಿ ನಾವು ಹೊರಗೆ ಕಾಲು ಗಂಟೆ ಕಾದಿದ್ದೆವು. ಕಟ್ಟುವಾಗ ಬಂಡೆಯ ಮುಖಕ್ಕೆ ಕಿಟಕಿಗಳನ್ನು ಕೊರೆದು, ಒಡೆದ ಕಲ್ಲನ್ನು ಅವುಗಳ ಮೂಲಕವೇ ಹೊರಕ್ಕೆ ಸುರಿಯುತ್ತಿದ್ದರಂತೆ. ಆ ಕಿಟಕಿಗಳಲ್ಲೊಂದು ಈಗ ಬಂತು, ಇಗೋ, ಹೋಯಿತು. ಬೆಳಕು ಬಂತು.

ಬ್ರೈಸ್ ಅನ್ನು ಬಿಟ್ಟುಬಿಡೋಣ, ಝಯಾನ್ ನೋಡಿದ ಮೇಲೆ ಇನ್ನೇನು ಉಳಿದಿದೆ ಎಂದು ಕಾರಿನಲ್ಲಿ ಹೇಳಿದವಳೂ ನಾನೇ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ಸುಮಾರು 8,000 ಅಡಿ ಎತ್ತರದ ಅಂಚಿನಲ್ಲಿ ನಿಂತಾಗ ಜೂನ್‌ನಲ್ಲೂ ಸ್ವೆಟರ್ ಬೇಕಾಯಿತು, ಮತ್ತು ಕೆಳಗೆ ಗುಲಾಬಿ, ಕಿತ್ತಳೆ ಬಣ್ಣದ ಸಾವಿರಾರು ಕಲ್ಲಿನ ಕಂಬಗಳು ಜಾತ್ರೆಯ ಜನರಂತೆ ಒತ್ತೊತ್ತಾಗಿ ನಿಂತಿದ್ದವು. ಹೆಸರಿನಲ್ಲಿ ಕ್ಯಾನಿಯನ್ ಇದ್ದರೂ ಇದನ್ನು ಯಾವ ನದಿಯೂ ಕೊರೆದಿಲ್ಲ: ಬಿರುಕುಗಳಿಗೆ ಇಳಿದ ನೀರು ರಾತ್ರಿ ಹೆಪ್ಪುಗಟ್ಟಿ ಹಿಗ್ಗುತ್ತದೆ, ಹಗಲು ಕರಗುತ್ತದೆ, ಹೀಗೆ ಪ್ರಸ್ಥಭೂಮಿಯ ಅಂಚು ಚೂರು ಚೂರಾಗಿ ಉದುರುತ್ತಿದೆ. ಝಯಾನ್‌ನ ಅತಿ ಮೇಲಿನ ಶಿಲಾಪದರವೇ ಇಲ್ಲಿ ಅತಿ ಕೆಳಗಿನದು. ಬೆಳಗ್ಗೆ ಕತ್ತು ನೋಯುವಂತೆ ತಲೆಯೆತ್ತಿ ನೋಡಿದ ಬೆಟ್ಟದ ನೆತ್ತಿ ಸಂಜೆ ನಮ್ಮ ಕಾಲಡಿಯಲ್ಲಿ ಎಲ್ಲೋ ಆಳದಲ್ಲಿತ್ತು ಎಂದು ಹೇಳಿದಾಗ, ಮಾವನವರು ಮೊದಲ ಬಾರಿಗೆ ಫಲಕ ಓದುವುದನ್ನು ನಿಲ್ಲಿಸಿ ಕೆಳಗೆ ನೋಡಿದರು.

ಮರುದಿನದ ಸೂರ್ಯೋದಯವನ್ನು ಮಾತಿಲ್ಲದೆ ಹಾಕಿದ್ದೇನೆ.

ಹಿಂದಿರುಗುವಾಗ ಗಡಿಯಲ್ಲಿ ಕಳೆದುಹೋದ ಗಂಟೆ ಮರಳಿ ಸಿಕ್ಕಿತು, ಕಾರಿನ ಗಡಿಯಾರ ತಾನಾಗಿಯೇ ಸರಿಯಾಯಿತು. ಆ ಗಂಟೆಯನ್ನು ನಾವು ಲಾಸ್ ವೇಗಸ್‌ನಲ್ಲಿ ಬಾಡಿಗೆ ಕಾರು ಹಿಂದಿರುಗಿಸುವ ಸಾಲಿನಲ್ಲಿ ನಿಂತು ಕಳೆದೆವು.