ಬ್ಲಡ್ ಬ್ಯಾಂಕಿಂದ ಫೋನ್ ಬಂದ್ರೆ ಗಾಬರಿ ಬೇಡ, ಮೊದ್ಲು ಈ ಲೆಕ್ಕ ನೋಡಿ

ಎಲ್ರಿಗೂ ನಮಸ್ಕಾರ. ಕ್ಯಾಂಪಲ್ಲಿ ರಕ್ತ ಕೊಟ್ಟು, ಜ್ಯೂಸ್ ಕುಡಿದು, ಸರ್ಟಿಫಿಕೇಟ್‌ನ ಸ್ಟೇಟಸ್‌ಗೆ ಹಾಕಿ ಮರೆತೇಬಿಟ್ಟಿರ್ತೀರ. ಆಮೇಲೊಂದಿನ ಬ್ಲಡ್ ಬ್ಯಾಂಕ್ ಕೌನ್ಸೆಲರ್ ಫೋನ್ ಮಾಡಿ "ಸರ್, ಒಂದ್ಸಲ ಬಂದು ಹೋಗ್ತೀರಾ, ಫೋನಲ್ಲಿ ಹೇಳಕ್ಕಾಗಲ್ಲ" ಅಂದ್ರೆ ಅರ್ಧ ಜೀವ ಅಲ್ಲೇ ಹೋಗತ್ತೆ.

ಬ್ಯಾಗಿಗೆ 350 ಎಂಎಲ್ ತಗೊಳೋವಾಗ ಚಿಕ್ಕ ಟ್ಯೂಬ್‌ಗಳಿಗೂ ಸ್ವಲ್ಪ ಹಿಡೀತಾರಲ್ಲ, ಟೆಸ್ಟ್ ಆಗೋದು ಅದು. ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ, ಇಂಡಿಯಾದಲ್ಲಿ ಈ ಐದೂ ಕಡ್ಡಾಯ. ಇದ್ರಲ್ಲಿ ಯಾವ್ದಾದ್ರೂ ಟೆಸ್ಟು ‘ಸೋಂಕಿರಬಹುದು’ ಅಂದ್ರೆ, ಅಂದ್ರೆ ರಿಯಾಕ್ಟಿವ್ ಅಂತ ಬಂದ್ರೆ, ಆ ಫೋನ್ ಬರೋದು.

(ಸ್ಕ್ರೀನ್ ಮೇಲೆ ಲೆಕ್ಕ)

ಈಗ ಸುಮ್ನೆ ಉದಾಹರಣೆಗೆ 10,000 ಜನ ರಕ್ತ ಕೊಟ್ರು, ನಿಜವಾಗ್ಲೂ ಸೋಂಕಿರೋದು 10 ಜನಕ್ಕೆ ಅನ್ಕೊಳ್ಳಿ. ಟೆಸ್ಟು ಆ ಹತ್ತೂ ಜನರನ್ನ ಹಿಡೀತು. ಉಳಿದ 9,990 ಜನರಲ್ಲಿ 99.5% ಜನಕ್ಕೆ ಸರಿಯಾಗಿ ‘ಇಲ್ಲ’ ಅಂತು. ಒಳ್ಳೇ ಟೆಸ್ಟೇ ಅಲ್ವಾ? ಆದ್ರೆ ಮಿಕ್ಕ ಅರ್ಧ ಪರ್ಸೆಂಟ್ ಅಂದ್ರೆ ಸುಮಾರು 50 ಜನ, ಏನೂ ಇಲ್ದೇನೇ ರಿಯಾಕ್ಟಿವ್ ಲಿಸ್ಟಿಗೆ ಸೇರ್ಕೊಂಡ್ರು! ಒಟ್ಟು 60 ಜನರಲ್ಲಿ ಸೋಂಕಿರೋರು ಹತ್ತೇ, ಅಂದ್ರೆ ಆರು ಜನಕ್ಕೆ ಒಬ್ರು. ಕಾಯಿಲೆ ಅಪರೂಪ ಇರೋ ಕಡೆ ಲೆಕ್ಕ ಬರೋದೇ ಹೀಗೆ.

ಹೀಗಿದ್ರೂ ಬ್ಲಡ್ ಬ್ಯಾಂಕ್‌ನೋರು ಡೌಟ್ ಬಂದ ಬ್ಯಾಗ್ ಎಸೀಲೇಬೇಕು, ಯಾಕಂದ್ರೆ ಅದು ಹೋಗೋದು ಎರಡು ಮೂರು ವಾರಕ್ಕೊಮ್ಮೆ ರಕ್ತ ಏರಿಸ್ಕೊಳ್ಳೋ ಥಲಸ್ಸೇಮಿಯಾ ಅನ್ನೋ ರಕ್ತದ ಕಾಯಿಲೆ ಇರೋ ಮಗುಗಿರಬಹುದು, ಅಲ್ಲಿ ಒಂದು ತಪ್ಪಾದ್ರೂ ಮುಗೀತು. ನಿಮ್ ಕೆಲಸ ಏನಪ್ಪಾ ಅಂದ್ರೆ, ಕರೆದಾಗ ತಪ್ಪಿಸ್ಕೊಳ್ದೆ ಹೋಗೋದು. ಎಚ್‌ಐವಿ ಆದ್ರೆ ಸರ್ಕಾರಿ ಆಸ್ಪತ್ರೆಯ ಐಸಿಟಿಸಿಗೆ (ಎಚ್‌ಐವಿ ಸಲಹೆ, ಪರೀಕ್ಷೆ ಮಾಡೋ ಕೇಂದ್ರ) ಕಳಿಸ್ತಾರೆ, ಬೇರೆ ಬೇರೆ ಮೂರು ಕಿಟ್‌ಗಳಲ್ಲೂ ಪಾಸಿಟಿವ್ ಬಂದ್ಮೇಲೇ ಪಾಸಿಟಿವ್ ಅನ್ನೋದು.

ಇದರ ಉಲ್ಟಾನೂ ಇದೆ, ನನ್ ಪ್ರಕಾರ ಅದೇ ಡೇಂಜರ್. ಸೋಂಕು ತಗುಲಿದ ಹೊಸದ್ರಲ್ಲಿ ಯಾವ ಟೆಸ್ಟಿಗೂ ಸಿಗಲ್ಲ, ಇದಕ್ಕೆ ವಿಂಡೋ ಪೀರಿಯಡ್ ಅಂತಾರೆ. ಎಚ್‌ಐವಿ ತಗುಲಿದ್ಮೇಲೆ ನ್ಯಾಟ್ ಟೆಸ್ಟಲ್ಲಿ (ವೈರಸ್‌ನ ಜೀನ್ ಹುಡುಕೋ ಟೆಸ್ಟ್) ಗೊತ್ತಾಗಕ್ಕೆ ಸುಮಾರು 10 ದಿನ ಬೇಕು, ಮಾಮೂಲಿ ಎಲೈಸಾ ಟೆಸ್ಟಲ್ಲಿ ಇನ್ನೂ ಜಾಸ್ತಿ, ಮತ್ತೆ ನ್ಯಾಟ್ ಎಲ್ಲಾ ಬ್ಲಡ್ ಬ್ಯಾಂಕಲ್ಲೂ ಇರಲ್ಲ. ಅದಕ್ಕೇ ಫಾರ್ಮಲ್ಲಿ ಟ್ಯಾಟೂ, ಇಂಜೆಕ್ಷನ್ನು, ಲೈಂಗಿಕ ಸಂಪರ್ಕ ಅಂತ ಮುಜುಗರದ ಪ್ರಶ್ನೆ ಕೇಳೋದು. ಪಕ್ಕದಲ್ಲಿ ಫ್ರೆಂಡ್ ನಿಂತಿದಾನೆ ಅಂತ ಎಲ್ಲದಕ್ಕೂ ‘ಇಲ್ಲ’ ಟಿಕ್ ಹಾಕ್ಬೇಡಿ, ಬೇಕಾದ್ರೆ ಡಾಕ್ಟರ್ ಹತ್ರ ಒಬ್ರೇ ಹೋಗಿ ಮಾತಾಡಿ. ಇನ್ನು ಫ್ರೀ ಟೆಸ್ಟ್ ಆಗತ್ತಲ್ಲ ಅಂತ ರಕ್ತ ಕೊಡೋರೂ ಇದಾರೆ, ದಯವಿಟ್ಟು ಬೇಡ. ಐಸಿಟಿಸಿಯಲ್ಲೂ ಫ್ರೀನೇ, ಹೆಸರು ಗುಟ್ಟಾಗಿಡ್ತಾರೆ, ಏಡ್ಸ್ ಹೆಲ್ಪ್‌ಲೈನ್ 1097ಗೆ ಕಾಲ್ ಮಾಡಿದ್ರೆ ಎಲ್ಲಿದೆ ಅಂತ ಹೇಳ್ತಾರೆ.