ತೊಂಬತ್ತು ದಿನದ ಎರಡು ಲೆಕ್ಕ

ಕೇಳುಗರಿಗೆ ನಮಸ್ಕಾರ.

ಸಣ್ಣ ಕಾರ್ಖಾನೆ ನಡೆಸುವವರಿಗೆ ಸರ್ಕಾರದ ನೆರವು ಕಡಿಮೆಯೇನಿಲ್ಲ. ಶೆಡ್ಡಿಗೆ ಕೆಎಸ್‌ಎಸ್‌ಐಡಿಸಿ, ಸಾಲಕ್ಕೆ ಕೆಎಸ್‌ಎಫ್‌ಸಿ, ತರಬೇತಿಗೆ ಜಿಟಿಟಿಸಿ. ಇವಕ್ಕೆಲ್ಲ ದಾರಿ ತೋರಿಸಲೆಂದೇ 1978ರಲ್ಲಿ ಶುರುವಾದ ಜಿಲ್ಲಾ ಕೈಗಾರಿಕಾ ಕೇಂದ್ರ ಬೇರೆ. ಆದರೆ ಒಂದು ಕಚೇರಿಗೆ ಗೊತ್ತಿರುವುದು ಇನ್ನೊಂದಕ್ಕೆ ಮುಟ್ಟುವುದಿಲ್ಲ.

ಪೀಣ್ಯದಲ್ಲಿ ನಾಲ್ಕು ಲೇತ್ ಇಟ್ಟುಕೊಂಡು ಜಾಬ್ ವರ್ಕ್ ಮಾಡುವವರೊಬ್ಬರು ಎಂದಿಟ್ಟುಕೊಳ್ಳಿ. ಮಾಲು ಹೋಗಿದೆ, ಬಿಲ್ಲು ಪಾಸಾಗಿಲ್ಲ. 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ) ಅಭಿವೃದ್ಧಿ ಕಾಯ್ದೆಯ ಪ್ರಕಾರ, ಬರಹದಲ್ಲಿ ಏನೇ ಒಪ್ಪಂದವಿದ್ದರೂ ಖರೀದಿದಾರರು 45 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. (ಈ ರಕ್ಷಣೆ ಅತಿಸಣ್ಣ, ಸಣ್ಣ ಘಟಕಗಳಿಗಷ್ಟೇ. ಬೆಳೆದು ಮಧ್ಯಮ ಗಾತ್ರವಾದಿರೋ, ಇದು ಕೈಬಿಟ್ಟಂತೆಯೇ!) ದೂರು ಕೊಟ್ಟರೆ ಮುಂದಿನ ಆರ್ಡರ್ ಹೋದೀತೆಂಬ ಅಳುಕು ಯಾರಿಗೂ ತಪ್ಪಿದ್ದಲ್ಲ. ಅದನ್ನೂ ಮೀರಿ, ಇಂಥ ಬಾಕಿ ಹಣದ ದೂರು ಕೇಳುವ ರಾಜ್ಯದ ಸೌಲಭ್ಯ ಮಂಡಳಿಗೆ ಹೋದರೆ, 90 ದಿನದಲ್ಲಿ ತೀರ್ಮಾನವಾಗಬೇಕು ಎನ್ನುತ್ತದೆ ಕಾಯ್ದೆ.

ಬ್ಯಾಂಕಿನಲ್ಲಿಯೂ 90 ದಿನವೇ. ಸಾಲದ ಕಂತು ಅಷ್ಟು ದಿನ ಬಾಕಿ ಉಳಿದರೆ ಖಾತೆ ಎನ್‌ಪಿಎ, ಅಂದರೆ ಕೆಟ್ಟ ಸಾಲ. ಬಿಲ್ಲಿನ ಹಣ ಬಂದಿದ್ದರೆ ಆ ಕಂತು ಕಟ್ಟಿಯೇ ಇರುತ್ತಿದ್ದರು. ಮಂಡಳಿಯ ಕಡತದಲ್ಲಿ ಇವರು ಹಣ ಬರಬೇಕಾದವರು, ಬ್ಯಾಂಕಿನ ಕಡತದಲ್ಲಿ ಸುಸ್ತಿದಾರರು. ಎರಡರಲ್ಲೂ ಘಟಕಕ್ಕೆ ಕೇಂದ್ರ ಸರ್ಕಾರ ಕೊಟ್ಟ ಉದ್ಯಮ್ ನೋಂದಣಿ ಸಂಖ್ಯೆ ಮಾತ್ರ ಒಂದೇ.

ಇವೆರಡನ್ನೂ ಕೂಡಿಸುವ ಕೊಂಡಿ ಕಾಗದದ ಮೇಲೆ ಆಗಲೇ ಇದೆ. 2016ರ ಆರ್‌ಬಿಐ ಸೂಚನೆಯಂತೆ, 25 ಕೋಟಿ ರೂಪಾಯಿವರೆಗೆ ಸಾಲವಿರುವ ಘಟಕ ಸಂಕಷ್ಟಕ್ಕೆ ಸಿಕ್ಕರೆ, ಅದನ್ನು ಪರಿಶೀಲಿಸಲು ಬ್ಯಾಂಕಿನಲ್ಲಿ ಸಮಿತಿ ಇರಬೇಕು. ಖಾತೆ ಕೆಡುವ ಮೊದಲೇ ಮಾಲೀಕರೇ ಅರ್ಜಿ ಹಾಕಬಹುದು. ಸಮಿತಿಯಲ್ಲಿ ರಾಜ್ಯ ಸರ್ಕಾರದ ಪ್ರತಿನಿಧಿಗೂ ಜಾಗವಿದೆ. ಅವರು ಮಂಡಳಿಯ ಮುಂದಿರುವ ಪ್ರಕರಣಗಳ ಪಟ್ಟಿ ಹಿಡಿದು ಸಭೆಗೆ ಬರಬೇಕೆಂದು ಕೈಗಾರಿಕಾ ಇಲಾಖೆ ಒಂದು ಆದೇಶ ಹೊರಡಿಸಿದರೆ ಸಾಕು. ಇನ್ನೊಂದು ಪೋರ್ಟಲ್ ಮಾಡಿದರೆ ನೆನಪಿಡಬೇಕಾದ ಪಾಸ್‌ವರ್ಡ್ ಒಂದು ಹೆಚ್ಚೀತು, ಅಷ್ಟೆ.

ಅಲ್ಲಿಯವರೆಗೆ ಆ ಓಡಾಟ ನಿಮ್ಮದೇ. ಮಂಡಳಿಗೆ ದೂರು ಹಾಕಿದ ದಿನವೇ ಅದರ ಪ್ರತಿಯನ್ನು ಬ್ಯಾಂಕ್ ಮ್ಯಾನೇಜರಿಗೂ ಕೊಡಿ. ಖಾತೆಯನ್ನು ಸಮಿತಿಯ ಮುಂದಿಡಿ ಎಂದು ಬರಹದಲ್ಲಿ ಕೇಳಿ, ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ.

ನಮಸ್ಕಾರ.